ನೀರಿನ ಸಾಕ್ಷಿಗಳಾದ ಕಿರುಮೀನುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ಈ ನಾಲ್ಕು ತಾಲ್ಲೂಕುಗಳಿಗೆ ಕಡಲು ಬಹು ದೂರ. ಆದರೂ ಇಲ್ಲಿಯ ನೀರು ಕಡಲಿನ ದಾರಿಯನ್ನು ಬಲ್ಲುದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿ ಸೀಮೆಗಳನ್ನು ಹಾದು ಹಿಂದೂಪುರದ ಕಡೆಯಲ್ಲಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಆ ಪಿನಾಕಿನಿಯು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಮುಟ್ಟಿ, ಆಂಧ್ರದ ಬಯಲುಗಳನ್ನು ಸುತ್ತಿ, ನೆಲ್ಲೂರಿನಾಚೆ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಶಿರಾ ಸೀಮೆಯ ಹಳ್ಳಕೊಳ್ಳಗಳ ನೀರು ಹಿರಿಯೂರಿನ ಕಡೆಗೆ ಹರಿಯುವ ಸುವರ್ಣಮುಖಿಯ ಮೂಲಕ ವೇದಾವತಿಗೂ, ಅಲ್ಲಿಂದ ತುಂಗಭದ್ರೆ ಕೃಷ್ಣೆಯರ ದಾರಿಯಾಗಿ ಅದೇ ಕೊಲ್ಲಿಗೂ ಸೇರತಕ್ಕದ್ದು. ಇಲ್ಲಿಯ ಕೋಡಿಯಲ್ಲಿ ಬಿದ್ದ ಮಲಿನವು ಎಂದೋ ಒಂದು ದಿನ ಯಾವುದೋ ಅಳಿವೆಯ ಬಾಯಲ್ಲಿ ಲೆಕ್ಕಕ್ಕೆ ಬರುವುದು. ಆ ಲೆಕ್ಕವನ್ನು ಬರೆದಿಡುವ ಗುಮಾಸ್ತರು ಯಾರೆಂದು ಕೇಳಿದರೆ, ಅಳಿವೆಯಲ್ಲಿ ಬದುಕುವ ಬೆರಳುದ್ದದ ಮೀನುಗಳೆಂದು ಈಗಿನ ಜೀವಶಾಸ್ತ್ರಜ್ಞರು ಉತ್ತರ ಕೊಡುತ್ತಾರೆ. ಈ ತಿಳಿವು ಹೇಗೆ ಬೆಳೆದು ಬಂದಿತೆಂಬ ಚರಿತ್ರೆಯು ಸ್ವಾರಸ್ಯವಾದುದು. ಅದರಲ್ಲಿ ಈ ಸೀಮೆಗೂ ಒಂದು ಪಾಲುಂಟು, ಒಂದು ನಷ್ಟವೂ ಉಂಟು.

ಮತ್ಸ್ಯಾಹಾರವನ್ನು ವರ್ಜಿಸಿದ ಮನೆಗಳಲ್ಲಿ ಮೀನಿನ ಮಾತು ಅಪ್ರಸ್ತುತವೆಂದು ತೋರಬಹುದು. ಆದರೆ ಮೀನನ್ನು ಮುಟ್ಟದವರೂ ಮೀನು ಬದುಕುವ ನೀರನ್ನು ಕುಡಿಯುವವರೇ ಆದ ಕಾರಣ ಈ ಆಕ್ಷೇಪಣೆಯು ನಿಲ್ಲತಕ್ಕದ್ದಲ್ಲ.

ಸಂಸ್ಕೃತ ವಾಙ್ಮಯದಲ್ಲಿ ಕಿರುಮೀನಿಗೆ ದೊರೆತಿರುವ ಸ್ಥಾನವು ಗೌರವದ್ದಲ್ಲ. ಶಫರೀ, ಪ್ರೋಷ್ಠೀ ಎಂಬ ಹೆಸರುಗಳನ್ನೂ, ಮರಿಮೀನುಗಳ ಹಿಂಡಿಗೆ ಪೋತಾಧಾನವೆಂಬ ಹೆಸರನ್ನೂ ಅಮರಕೋಶವು ಹೇಳುತ್ತದೆ. ಸುಭಾಷಿತಕಾರರಾದರೋ ಶಫರಿಯನ್ನು ಅಂಗುಲದಷ್ಟು ನೀರಿನಲ್ಲಿ ಕುಣಿದಾಡುವ ಅಲ್ಪರಿಗೆ ಉಪಮಾನವಾಗಿ ಮಾಡಿ ಕೈಬಿಟ್ಟರು. ಮೀನಿನ ಹೆಸರು ಬಂದಲ್ಲೆಲ್ಲ ‘ಮತ್ಸ್ಯವಿಶೇಷ’ವೆಂದು ಬರೆದು ಮುಂದಕ್ಕೆ ಹೋಗುವುದು ವ್ಯಾಖ್ಯಾನಕಾರರ ವಾಡಿಕೆ. ಯಾವ ವಿಶೇಷ, ಎಂಥ ನೀರಿನ ವಿಶೇಷ ಎಂಬ ಪ್ರಶ್ನೆಯು ಪಾಠಶಾಲೆಗಳಲ್ಲಿ ಏಳಲೇ ಇಲ್ಲ.

ಆದರೆ ವೈದ್ಯರು ಕವಿಗಳಿಗಿಂತ ಹತ್ತಿರದಿಂದ ನೋಡಿದರು. ಸುಶ್ರುತ ಸಂಹಿತೆಯ ಕಲ್ಪಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶತ್ರುಗಳು ರಾಜನ ದಂಡಯಾತ್ರೆಯ ದಾರಿಯಲ್ಲಿ ನೀರಿಗೆ ವಿಷವಿಕ್ಕುವ ಪ್ರಸಂಗವಿದೆ. ಅಂಥ ನೀರು ಲೋಳೆಯಾಗಿ, ಕಟುವಾಸನೆಯಿಂದ ಕೂಡಿ, ನೊರೆಗಟ್ಟಿ, ಮೇಲೆ ಗೆರೆಗೆರೆಯಾಗಿ ಕಾಣುವುದೆಂದೂ, ಅದರಲ್ಲಿಯ ಕಪ್ಪೆಗಳೂ ಮೀನುಗಳೂ ಸಾಯುವುವೆಂದೂ, ದಡದ ಹಕ್ಕಿಗಳು ಮತ್ತೇರಿದಂತೆ ಅಲೆಯುವುವೆಂದೂ ಅಲ್ಲಿ ಹೇಳಿದೆ. ಧವ, ಅಶ್ವಕರ್ಣ, ಅಸನ, ಪಾರಿಭದ್ರ ಮೊದಲಾದ ಮರಗಳನ್ನು ಸುಟ್ಟು, ಆರಿದ ಬೂದಿಯನ್ನು ನೀರಿಗೆ ಚೆಲ್ಲಬೇಕೆಂಬ ಪರಿಹಾರವನ್ನೂ ಗ್ರಂಥವು ವಿಧಿಸುತ್ತದೆ. ಬೂದಿಯ ಗುಣವು ಹಾಗಿರಲಿ, ಲಕ್ಷಣಗಳ ಜೋಡಣೆಯು ಗಮನಾರ್ಹವಾಗಿದೆ. ವೈದ್ಯನು ಮೀನೊಂದನ್ನೇ ನಂಬದೆ, ವಾಸನೆ, ನೊರೆ, ಗೆರೆ, ಕಪ್ಪೆ, ಮೀನು, ಹಕ್ಕಿಗಳನ್ನು ಒಟ್ಟಿಗೆ ಓದುತ್ತಾನೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಅಂತರ್ಜಲವನ್ನು ಹುಡುಕುವ ಪ್ರಕರಣದಲ್ಲಿ, ಅಗೆಯುವಾಗ ಕಾಣುವ ಕಪ್ಪೆ ಮೀನುಗಳು ಗುರುತುಗಳಾಗಿ ಬರುತ್ತವೆ. ಆದರೆ ಅಲ್ಲಿ ನೀರು ಇದೆಯೇ ಎಂಬುದಷ್ಟೇ ಪ್ರಶ್ನೆ; ಸುಶ್ರುತನಲ್ಲಿ ನೀರು ಹೇಗಿದೆ ಎಂಬುದು ಪ್ರಶ್ನೆ. ಈ ಎರಡನೆಯ ಪ್ರಶ್ನೆಯೇ ಕಷ್ಟವಾದುದು.

ಕನ್ನಡನಾಡಿನ ಅರಸರಲ್ಲಿ ಮೀನುಗಳನ್ನು ಕ್ರಮವಾಗಿ ವಿಂಗಡಿಸಿ ಬರೆಸಿದ ಕೀರ್ತಿಯು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನದು. 1127 ರಿಂದ 1138 ರವರೆಗೆ ಆಳಿದ ಈ ಭೂಲೋಕಮಲ್ಲನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು ಹೊಳೆಯವು ಎಂದೂ, ಹುರುಪೆಯುಳ್ಳವು ಇಲ್ಲದವು ಎಂದೂ ಬೇರ್ಪಡಿಸಿ, ಯಾವುದಕ್ಕೆ ಎಂಥ ಮೇವನ್ನು ಕೊಡಬೇಕು, ಗಾಳವನ್ನು ಹೇಗೆ ಹಾಕಬೇಕು ಎಂಬುದನ್ನು ವಿವರಿಸಿದೆ. ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ಇದನ್ನು ಆಧುನಿಕ ಶಾಸ್ತ್ರದೊಡನೆ ಹೋಲಿಸಿ ಪರಾಮರ್ಶಿಸಿದರು. ಆದರೆ ಅದು ಅರಸನ ವಿನೋದವಾದುದರಿಂದ ಗಾಳಕ್ಕೆ ಹೋರಾಡುವ ದೊಡ್ಡ ಮೀನುಗಳಿಗೇ ಅದರಲ್ಲಿ ಪ್ರಾಶಸ್ತ್ಯ.

ಕಿರುಮೀನುಗಳಿಗೆ ಹೆಸರು ಬಂದುದು ಬೇರೊಂದು ದಾರಿಯಿಂದ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800 ರಲ್ಲಿ, ಕುಂಪಣಿಯ ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನವನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟನು. ಆಗ ಮದ್ದಗಿರಿಯೆನಿಸಿದ್ದ ಮಧುಗಿರಿಯನ್ನೂ ಶಿರಾವನ್ನೂ ಅವನು ನೋಡಿದನು. ಕೆರೆ, ಬೇಸಾಯ, ತೋಟ, ಕಬ್ಬಿಣ ಕರಗಿಸುವ ಕುಲುಮೆ ಇವುಗಳ ವಿಚಾರವಾಗಿ ಅವನು ಬರೆದುದು 1807 ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದಿನ ವರ್ಷ, ಅಂದರೆ 1801 ರಲ್ಲಿ, ಅವನು ಮಂಗಳೂರಿಗೆ ಹೋಗಿ ಕನ್ನಡ ಜಿಲ್ಲೆಯ ಕರಾವಳಿಯನ್ನೂ ಕಂಡನು. ಅನಂತರ ಬಂಗಾಳದಲ್ಲಿ ಇದ್ದಾಗ ಬೆಸ್ತರು ತಂದ ಮೀನುಗಳನ್ನೆಲ್ಲ ಪರೀಕ್ಷಿಸಿ, ಗಂಗೆಯಲ್ಲಿಯೂ ಅದರ ಕವಲುಗಳಲ್ಲಿಯೂ ದೊರೆಯುವ ಮೀನುಗಳ ವಿವರವನ್ನು 1822 ರಲ್ಲಿ ಎಡಿನ್‌ಬರೋ ನಗರದಲ್ಲಿ ಪ್ರಕಟಿಸಿದನು. ಗಂಗೆಯ ಅಳಿವೆಯ ಮೀನುಗಳೂ ಅದರಲ್ಲಿ ಸೇರಿವೆ.

ಈ ಗ್ರಂಥದ ವೈಶಿಷ್ಟ್ಯವೆಂದರೆ, ಬೆಸ್ತರ ಬಾಯಲ್ಲಿದ್ದ ದೇಶೀಯ ಹೆಸರುಗಳನ್ನೇ ಅವನು ಲ್ಯಾಟಿನ್ ನಾಮಗಳಾಗಿ ಮಾಡಿದುದು. ಅಮರಸಿಂಹನ ರೋಹಿತವು ಹೀಗೆ ಲೋಕದ ಶಾಸ್ತ್ರಗ್ರಂಥಗಳಲ್ಲೆಲ್ಲ ರೋಹಿತವಾಗಿಯೇ ನಿಂತಿತು. ಕಾಟ್ಲ, ಮೃಗಾಲಗಳೂ ಹಾಗೆಯೇ. ಯಾರೂ ಲೆಕ್ಕಕ್ಕಿಡದ ಬೆರಳುದ್ದದ ಮೀನುಗಳಿಗೂ ಟಿಕ್ಟೊ, ಸೋಫೋರೆ, ಪಂಚಾಕ್ಸ್, ರೇರಿಯೊ ಎಂಬ ಹೆಸರುಗಳು ದೊರೆತುವು. ಬುಕಾನನ್ನನು ಮಧುಗಿರಿಯ ದಾರಿಯಲ್ಲಿ ನಡೆದ ವರ್ಷ ಅವನಿಗೆ ಒಪ್ಪಿಸಿದ್ದ ಕೆಲಸವು ಬೇಸಾಯ ವ್ಯಾಪಾರಗಳ ತನಿಖೆಯಾಗಿದ್ದಿತು, ಮೀನಲ್ಲ. ಜಯಮಂಗಲಿಯ ದಡದ ಬೆಸ್ತನೊಬ್ಬನ ಕೈಯಿಂದ ಅವನು ಅಂದು ಹೆಸರುಗಳನ್ನು ಬರೆದುಕೊಂಡಿದ್ದರೆ, ಸಸಲು, ಗೆಂಡೆ ಎಂಬ ಮಾತುಗಳು ಇಂದು ಲೋಕದ ಪ್ರಯೋಗಶಾಲೆಗಳಲ್ಲಿ ಕೇಳಿಬರುತ್ತಿದ್ದುವೇನೋ!

ಇದು ಬರಿಯ ಕಲ್ಪನೆಯ ಮಾತಲ್ಲ. ಅವನು ಕೋಸೀ ನದಿಯಿಂದ ವರ್ಣಿಸಿದ ರೇರಿಯೊ ಮೀನು, ಮೈಮೇಲೆ ನೀಲಿ ಪಟ್ಟೆಗಳುಳ್ಳ ಅಂಗುಲದಿಂದ ಒಂದೂವರೆ ಅಂಗುಲದ ಜೀವಿಯು, ಇಂದು ನೀರಿನ ವಿಷವನ್ನು ಅಳೆಯುವ ಸಾಧನವಾಗಿ ಪ್ರಪಂಚದಲ್ಲೆಲ್ಲ ಸಾಕಲ್ಪಡುತ್ತಿದೆ. ಇದನ್ನು ಪ್ರಯೋಗಶಾಲೆಗೆ ತಂದು ಪ್ರಸಿದ್ಧಿಗೊಳಿಸಿದವನು ಅಮೆರಿಕದ ಓರೆಗಾನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್. ಅವನ ಮುಖ್ಯ ಲೇಖವು 1981 ರಲ್ಲಿ ಪ್ರಕಟವಾಯಿತು. 2013 ರಲ್ಲಿ ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಈ ಮೀನಿನ ಮೊಟ್ಟೆಗಳನ್ನು 96 ಗಂಟೆಗಳ ಕಾಲ ಪರೀಕ್ಷಾದ್ರವದಲ್ಲಿಟ್ಟು, ಭ್ರೂಣವು ಹೆಪ್ಪುಗಟ್ಟಿತೇ, ಬಾಲವು ಬಿಡಿಸಿಕೊಂಡಿತೇ, ಹೃದಯವು ಮಿಡಿಯುತ್ತಿದೆಯೇ ಎಂದು ನೋಡುವ ವಿಧಾನವನ್ನು ಅಂಗೀಕರಿಸಿತು. ಮೊಟ್ಟೆಯು ಪಾರದರ್ಶಕವಾದುದರಿಂದ ಎಲ್ಲವೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಇನ್ನು ಅಳಿವೆಯ ವಿಚಾರ. ನದಿಯು ಕಡಲನ್ನು ಕೂಡುವ ಈ ಎಡೆಯಲ್ಲಿ ಸಿಹಿನೀರೂ ಉಪ್ಪುನೀರೂ ಭರತ ಇಳಿತಗಳೊಡನೆ ಹಿಂದಕ್ಕೂ ಮುಂದಕ್ಕೂ ಆಡುತ್ತಿರುತ್ತವೆ. ಮೇಲಿನಿಂದ ಬಂದ ಕೆಸರೂ ಕೊಳೆಯೂ ಇಲ್ಲಿ ತಳದಲ್ಲಿ ನಿಲ್ಲುತ್ತವೆ. ಕಡಲಿನ ಅನೇಕ ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲೂ ಇದೇ. ಗಾಜಿನಂತೆ ಮೈಯೊಳಗಿನ ಮೂಳೆ ಕಾಣುವ ಕಿರುಮೀನು, ತಲೆಯ ಮೇಲೆ ಬೆಳ್ಳಿಯ ಬೊಟ್ಟಿನಂಥ ಚುಕ್ಕೆಯುಳ್ಳ ಮೀನು, ಕೆಸರಿನ ಮೇಲೆ ತೆವಳುವ ಗೋಬಿ ಮೊದಲಾದುವು ಇಲ್ಲಿಯ ನಿತ್ಯನಿವಾಸಿಗಳು. ದೊಡ್ಡ ಮೀನು ಯಾತ್ರಿಕನಂತೆ. ಎಲ್ಲಿ ತಿಂದಿತೋ ಎಲ್ಲಿ ಕೆಟ್ಟಿತೋ ಹೇಳಲಾಗದು. ಕಿರುಮೀನಿನ ಅಲೆದಾಟದ ಎಲ್ಲೆ ಚಿಕ್ಕದು, ಆಯುಸ್ಸು ಚಿಕ್ಕದು. ಆದುದರಿಂದ ಅದರ ಮೈಯಲ್ಲಿ ಕಂಡ ದೋಷವು ಆ ಸ್ಥಳದ್ದೆಂದೂ ಇತ್ತೀಚಿನದೆಂದೂ ನಿರ್ಣಯಿಸಲು ಸುಲಭ. ಸೀಸೆಯಲ್ಲಿ ತುಂಬಿ ತಂದ ನೀರು ಆ ಒಂದು ಗಳಿಗೆಯ ಸಾಕ್ಷ್ಯವನ್ನು ಮಾತ್ರ ಹೇಳೀತು. ರಾತ್ರಿಯಲ್ಲಿ ಕದ್ದು ಬಿಟ್ಟ ಕೊಳೆಯು ಬೆಳಗಿನ ಸೀಸೆಗೆ ಸಿಕ್ಕದೆ ಹೋಗಬಹುದು. ಆದರೆ ಮೀನು ರಾತ್ರಿಯೂ ಅಲ್ಲಿಯೇ ಇದ್ದಿತು.

ಕೊಳೆಯಿಂದ ಮೀನು ಸಾಯುವ ಬಗೆಯೂ ಒಂದೇ ತೆರನಲ್ಲ. ಊರ ಚರಂಡಿಯ ನೀರು ಸೇರಿದಲ್ಲಿ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸುತ್ತವೆ. ಮೀನುಗಳ ಬಾಳಿಗೆ ತಕ್ಕ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಾದರೂ ಆಮ್ಲಜನಕವಿರಬೇಕೆಂದು ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗೊತ್ತುಮಾಡಿದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವದಲ್ಲಿ ಕೊರತೆಯು ಹೆಚ್ಚು. ಆಗ ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆಯುವುದನ್ನು ಕೆರೆಯ ನೀರುಗಂಟಿಗಳು ಕಾಣದವರಲ್ಲ. 2016 ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಆ ಕೆರೆಯ ನೀರು ಬೆಳ್ಳಂದೂರು ವರ್ತೂರುಗಳ ದಾರಿಯಾಗಿ ದಕ್ಷಿಣ ಪಿನಾಕಿನಿಗೆ ಇಳಿಯತಕ್ಕದ್ದು. ನಂದಿಯ ಬೆಟ್ಟಗಳ ಕಡೆ ಹುಟ್ಟಿದ ಇಬ್ಬರು ಪಿನಾಕಿನಿಯರಲ್ಲಿ ಒಬ್ಬಳು ರಾಜಧಾನಿಯ ಕೊಳೆಯನ್ನು ಹೊತ್ತು ಕಡಲೂರಿಗೆ ಹೋಗುತ್ತಾಳೆ. ಇನ್ನೊಬ್ಬಳು ಈ ಸೀಮೆಯವಳು.

ಲೋಹಗಳ ವಿಷವು ಇದಕ್ಕಿಂತ ಗೂಢವಾದುದು. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಕಾರ್ಖಾನೆಯೊಂದು ಬಿಟ್ಟ ಪಾದರಸವು ಮೀನುಗಳಲ್ಲಿ ಸೇರಿ, ಅವುಗಳನ್ನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತುವು. 1956 ರಲ್ಲಿ ಮನುಷ್ಯರ ರೋಗವು ಅಧಿಕೃತವಾಗಿ ಗುರುತಿಸಲ್ಪಟ್ಟಿತು. ಮೀನಿನಲ್ಲಿಯೂ ಬೆಕ್ಕಿನಲ್ಲಿಯೂ ಕಂಡ ಸೂಚನೆಯನ್ನು ಓದುವವರು ಸಮಯಕ್ಕೆ ಸಿಕ್ಕಲಿಲ್ಲ. ಕನ್ನಡನಾಡಿನ ಕರಾವಳಿಯಲ್ಲಿಯೂ, ಕಾಳೀ ನದಿಯ ಅಳಿವೆಗೆ ಸಮೀಪವಾದ ಕಾರವಾರದ ಬಿಣಗಾದಲ್ಲಿ, 1970 ರ ದಶಕದಲ್ಲಿ ಪಾದರಸವನ್ನು ಉಪಯೋಗಿಸಿ ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆಯು ಬಂದ ಮೇಲೆ, ಅಲ್ಲಿಯ ಮೀನುಗಳಲ್ಲಿಯೂ ಪಚ್ಚಿಲೆಗಳಲ್ಲಿಯೂ ಪಾದರಸವನ್ನು ಅಳೆಯುವ ಶೋಧನೆಗಳು ನಡೆದುವು. ಅಳೆಯತಕ್ಕದ್ದು ನೀರನ್ನಲ್ಲ, ನೀರಿನಲ್ಲಿ ಬಾಳುವ ಜೀವದ ಮೈಯನ್ನು ಎಂಬ ತತ್ತ್ವವು ಹೀಗೆ ಈ ನಾಡಿನಲ್ಲಿಯೂ ಬೇರೂರಿತು.

ಮೀನು ಹೋದುದು ಮಾತ್ರವಲ್ಲ, ಹಿಂದಿರುಗಿದುದೂ ಸಾಕ್ಷ್ಯವೇ. ಲಂಡನ್ನಿನ ಥೇಮ್ಸ್ ನದಿಯ ಅಳಿವೆಯು 1957 ರ ಹೊತ್ತಿಗೆ ಸತ್ತ ನೀರೆಂದು ಹೇಳಲ್ಪಟ್ಟಿತ್ತು. ಚರಂಡಿಯ ನೀರನ್ನು ಶುದ್ಧಿಮಾಡುವ ಏರ್ಪಾಡುಗಳು ಬಲವಾದ ಮೇಲೆ, 1964 ರಿಂದ ಮುಂದಕ್ಕೆ, ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ವಿನ್ ವ್ಹೀಲರ್ ಎಂಬ ವಿದ್ವಾಂಸನು ವಿಚಿತ್ರವಾದ ಒಂದು ಉಪಾಯವನ್ನು ಹಿಡಿದನು. ದಡದ ವಿದ್ಯುದಾಗಾರಗಳು ಯಂತ್ರಗಳನ್ನು ತಣಿಸಲು ನದಿಯ ನೀರನ್ನು ಹೀರುವಾಗ ಜರಡಿಗಳಲ್ಲಿ ಕಸವು ನಿಲ್ಲುತ್ತಿತ್ತು. ಆ ಕಸದಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಅವನು ತರಿಸಿ ಎಣಿಸುತ್ತ ಹೋದನು. ಗೋಬಿಗಳೂ ಸ್ಮೆಲ್ಟ್ ಎಂಬ ಬೆಳ್ಳಿಬಣ್ಣದ ಕಿರುಮೀನುಗಳೂ ಒಂದೊಂದಾಗಿ ಲೆಕ್ಕಕ್ಕೆ ಬಂದುವು. 1974 ರಲ್ಲಿ ವೆಸ್ಟ್ ಥರಕ್ಕಿನ ವಿದ್ಯುದಾಗಾರದ ಜರಡಿಯಲ್ಲಿ ಸಾಲ್ಮನ್ ಮೀನೊಂದು ಸಿಕ್ಕಾಗ ಪತ್ರಿಕೆಗಳು ಉತ್ಸವವನ್ನು ಮಾಡಿದುವು. ಆದರೆ ಆ ಸುದ್ದಿಯನ್ನು ಹತ್ತು ವರ್ಷ ಮುಂಚಿನಿಂದ ಹೇಳುತ್ತಿದ್ದವು ಕಿರುಮೀನುಗಳು.

ಎಲ್ಲ ಸಾಕ್ಷಿಗಳ ಮಾತೂ ಒಂದೇ ತೂಕದ್ದಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಕೊರವ, ಚೇಳುಮೀನುಗಳು ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು. ಕೊಳೆತ ಹೊಂಡದಲ್ಲಿಯೂ ಅವು ಬಾಳುವುದರಿಂದ ‘ಮೀನಿದೆ, ಆದುದರಿಂದ ನೀರು ಒಳ್ಳೆಯದು’ ಎಂಬ ಅನುಮಾನವು ತಾರ್ಕಿಕರ ಭಾಷೆಯಲ್ಲಿ ಹೇತ್ವಾಭಾಸವಾಗುತ್ತದೆ. ಅಮೆರಿಕದ ಜೇಮ್ಸ್ ಕಾರ್ ಎಂಬವನು 1981 ರಲ್ಲಿ ಸೂಚಿಸಿದ ಕ್ರಮದಲ್ಲಿ ಒಂದು ಮೀನನ್ನು ನಂಬದೆ, ಎಷ್ಟು ಜಾತಿಗಳಿವೆ, ಕೊಳೆಯನ್ನು ತಾಳದ ಜಾತಿಗಳೆಷ್ಟು, ತಾಳುವವೆಷ್ಟು, ರೋಗಿಷ್ಠಗಳೆಷ್ಟು ಎಂಬುದನ್ನೆಲ್ಲ ಕೂಡಿಸಿ ಒಂದು ಅಂಕವನ್ನು ಕೊಡುತ್ತಾರೆ. ಬಹು ಲಕ್ಷಣಗಳನ್ನು ಒಟ್ಟಿಗೆ ಓದುವ ಸುಶ್ರುತನ ಬುದ್ಧಿಯೇ ಇದು.

ಮೈಸೂರು ಸೀಮೆಯ ನಷ್ಟದ ಕಥೆಯು ಈ ಭೇದವನ್ನು ಮರೆತುದರಿಂದ ಆರಂಭವಾಗುತ್ತದೆ. ಮಲೇರಿಯಾ ಜ್ವರವು ಹಳ್ಳಿಗಳನ್ನು ತಿನ್ನುತ್ತಿದ್ದ ಕಾಲದಲ್ಲಿ, 1928 ರಲ್ಲಿ, ಡಾಕ್ಟರ್ ಬಿ. ಎ. ರಾವ್ ಅವರು ಸೊಳ್ಳೆಯ ಮರಿಗಳನ್ನು ತಿನ್ನುವ ಗಾಂಬೂಸಿಯ ಎಂಬ ಕಿರುಮೀನನ್ನು ಇಟಲಿಯಿಂದ ತರಿಸಿದರು. ಅದರ ತವರು ಅಮೆರಿಕ. ಬೆಂಗಳೂರಿನಿಂದ ಹರಡಿದ ಈ ಮೀನು ದಕ್ಷಿಣದ ಕೆರೆ ಬಾವಿಗಳ ಪಾಲಾಯಿತು. ಉದ್ದೇಶವು ಪರೋಪಕಾರದ್ದು, ಜ್ವರದಿಂದ ಸಾಯುವ ಮಕ್ಕಳನ್ನು ಕಂಡವರು ಅದನ್ನು ಆಕ್ಷೇಪಿಸಲಾರರು. ಆದರೆ ಗಾಂಬೂಸಿಯವು ಕೊಳೆಯನ್ನೂ ಉಪ್ಪನ್ನೂ ಬಿಸಿಯನ್ನೂ ಸಹಿಸುವ ಗಟ್ಟಿಜೀವಿ. ಬೇರೆ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನತಕ್ಕದ್ದು. ಬೆಳ್ಳಿಯ ಬೊಟ್ಟಿನ ದೇಶೀಯ ಮೀನೂ ಸೊಳ್ಳೆಮರಿಗಳನ್ನು ತಿನ್ನುವುದೇ ಆಗಿದ್ದಿತು. ನೀರು ಕೆಟ್ಟಾಗ ಕೂಗಿ ಹೇಳುವ ಸಾಕ್ಷಿಗಳಿದ್ದ ಎಡೆಯಲ್ಲಿ, ಏನಾದರೂ ಬಾಯಿಬಿಡದ ಸಾಕ್ಷಿಯೊಂದು ಬಂದು ಕುಳಿತಿತು.

ಎರಡನೆಯ ಪೆಟ್ಟು ಮೀನುಸಾಕಣೆಯಿಂದ. ಕೆರೆಗಳನ್ನು ಗುತ್ತಿಗೆಗೆ ಕೊಟ್ಟು ಕಾಟ್ಲ, ರೋಹು, ಮೃಗಾಲ, ಸಾಮಾನ್ಯ ಗೆಂಡೆಗಳ ಮರಿಗಳನ್ನು ಬಿಡುವ ಕ್ರಮವು ರೂಢಿಗೆ ಬಂದಿತು. ಇದರಿಂದ ಊರಿಗೆ ಆಹಾರವೂ ಪಂಚಾಯತಿಗೆ ಹಣವೂ ಬರುವುದು ದಿಟ. ಆದರೆ ಸಾಕಣೆಯ ಪುಸ್ತಕಗಳಲ್ಲಿ ಸಸಲು, ಪಕ್ಕೆಗಳಂಥವಕ್ಕೆಲ್ಲ ‘ಕಳೆಮೀನು’ ಎಂದು ಹೆಸರು. ಮರಿಗಳನ್ನು ಬಿಡುವ ಮುಂಚೆ ಇವನ್ನು ಬಲೆಯಿಂದಲೋ ಇಪ್ಪೆಯ ಹಿಂಡಿಯಿಂದಲೋ ತೆಗೆದುಹಾಕಬೇಕೆಂದು ವಿಧಿ. ಶಾಸ್ತ್ರದ ಒಂದು ಶಾಖೆಯು ಯಾವುದನ್ನು ಸಾಕ್ಷಿಯೆಂದು ಹುಡುಕುತ್ತಿದೆಯೋ, ಇನ್ನೊಂದು ಶಾಖೆಯು ಅದನ್ನೇ ಕಳೆಯೆಂದು ಕೀಳಿಸುತ್ತಿದೆ.

ನೀರಿಗೆ ವಿಷವಿಕ್ಕಿ ಮೀನು ಹಿಡಿಯುವ ದುರಭ್ಯಾಸವು ಮಾತ್ರ ಹಳೆಯದು. ವೈದ್ಯರು ಮದನಫಲವೆನ್ನುವ ಮಂಗಾರೆಯ ಕಾಯನ್ನು ಜಜ್ಜಿ ಮಡುವಿಗೆ ಹಾಕುವ ಪದ್ಧತಿಯು ದೇಶದಲ್ಲೆಲ್ಲ ಇದ್ದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಮೀನುಗಳ ನಾಶದ ವಿಷಯದಲ್ಲಿ 1870 ರಲ್ಲಿ ವರದಿಯನ್ನು ಬರೆದನು. 1897 ರ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಆದರೂ 1996 ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ ಯಾರೋ ವಿಷವಿಕ್ಕಿ ದೇವರ ಮೀನುಗಳನ್ನು ಕೊಂದರು. ಅಲ್ಲಿಯವರು ಸತ್ತ ಮೀನುಗಳಿಗೆ ಸ್ಮಾರಕವನ್ನು ಕಟ್ಟಿಸಿದರು. ದಿನದಿನವೂ ಅಕ್ಕಿಯನ್ನು ಹಾಕಿ ನೋಡುವವರಿದ್ದ ಕಾರಣ ಆ ಸಾವು ಒಡನೆಯೇ ತಿಳಿಯಿತು. ನೋಡುವವರಿಲ್ಲದ ಮಡುಗಳಲ್ಲಿ ಆದ ಸಾವುಗಳಿಗೆ ಸ್ಮಾರಕವಿಲ್ಲ.

ಮೀನಿನ ಸಾಕ್ಷ್ಯಕ್ಕೂ ಎಲ್ಲೆಯಿದೆ. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲುಗಳು ಕಂದುವುದೂ ಮೂಳೆಗಳು ಬಾಗುವುದೂ ಪ್ರಸಿದ್ಧವಾದ ದುಃಖ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಮಿಗೆ ಮೀರಿ ಅದು ಇರಕೂಡದು. ನೂರಾರು ಅಡಿಗಳ ಕೆಳಗಿನ ಕಲ್ಲಿನ ಬಿರುಕಿನಲ್ಲಿ ಮೀನಿಲ್ಲ, ಕಪ್ಪೆಯಿಲ್ಲ. ಸುಶ್ರುತನ ಲಕ್ಷಣಗಳಲ್ಲಿ ಒಂದೂ ಅಲ್ಲಿಗೆ ಮುಟ್ಟದು. ಆ ನೀರು ತಿಳಿಯಾಗಿಯೂ ವಾಸನೆಯಿಲ್ಲದೆಯೂ ಬರುತ್ತದೆ. ಅದನ್ನು ರಸಾಯನಶಾಸ್ತ್ರದ ಸೀಸೆಯೇ ಪರೀಕ್ಷಿಸಬೇಕು. ಕೆರೆ, ಕಟ್ಟೆ, ತೆರೆದ ಬಾವಿಗಳನ್ನು ಬಿಟ್ಟು ಜನರು ಕೊಳವೆಬಾವಿಗೆ ತಿರುಗಿದಾಗ, ಕಣ್ಣಿಗೆ ಕಾಣುವ ಸಾಕ್ಷಿಗಳಿದ್ದ ನೀರಿನಿಂದ ಸಾಕ್ಷಿಯೇ ಇಲ್ಲದ ನೀರಿಗೆ ತಿರುಗಿದಂತಾಯಿತು.

ಜಯಮಂಗಲಿಯು ವರ್ಷದ ಬಹುಭಾಗ ಮರಳಾಗಿಯೇ ಇರುವ ಹೊಳೆ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಕೆರೆಗಳು ತುಂಬಿ ಕೋಡಿ ಬಿದ್ದೊಡನೆ, ಎಲ್ಲಿದ್ದುವೋ ಎಂಬಂತೆ ಕಿರುಮೀನುಗಳು ಹರಿವಿಗೆ ಎದುರಾಗಿ ಕೋಡಿಯ ಕಲ್ಲುಗಳನ್ನು ಹತ್ತುತ್ತವೆ. ಹುಡುಗರು ಪಂಚೆಯ ಚುಂಗನ್ನು ಹಿಡಿದು ಅವನ್ನು ಬಾಚುತ್ತಾರೆ. ಗುತ್ತಿಗೆಯ ಬಲೆಯು ಇಳಿಯುವ ಮುಂಚೆ ದೊರೆಯುವ ಆ ಎರಡು ಮೂರು ದಿನಗಳಲ್ಲಿ ಯಾವ ಕೋಡಿಯಲ್ಲಿ ಸಸಲು ಬಂದಿತು, ಯಾವುದರಲ್ಲಿ ಗೆಂಡೆ, ಯಾವುದರಲ್ಲಿ ಗಾಂಬೂಸಿಯ ಮಾತ್ರ ಎಂದು ಶಾಲೆಯ ಹುಡುಗರು ಊರ ಬೆಸ್ತರನ್ನು ಕೇಳಿ ಬರೆದಿಟ್ಟರೆ ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಹೆಸರುಗಳನ್ನು ಹೇಳಬಲ್ಲ ಮುದುಕರು ಹಳ್ಳಿಗೆ ಒಬ್ಬಿಬ್ಬರು ಉಳಿದಿದ್ದಾರೆ.